ದೀರ್ಘಕಾಲದ ತಲೆನೋವು: ಕಾರಣ ಹುಡುಕುವ ಬಗೆ

ತಿಂಗಳಲ್ಲಿ 15 ದಿನವೋ ಅದಕ್ಕೂ ಹೆಚ್ಚೋ ತಲೆ ನೋಯುತ್ತಿದ್ದು, ಹಾಗೆಯೇ 3 ತಿಂಗಳು ದಾಟಿದರೆ ಅದು ದೀರ್ಘಕಾಲದ ತಲೆನೋವು. ಇದರ ಜೊತೆಗೆ ಕೈ ಜೋಮು ಹಿಡಿಯುವುದು, ಕಣ್ಣು ಮಂಜಾಗುವುದು, ತಲೆಸುತ್ತು, ಮಾತು ತೊದಲುವುದು, ನಡೆಯುವಾಗ ಒಂದು ಕಡೆಗೆ ವಾಲುವುದು, ಕಿವಿಯಲ್ಲಿ ಸದ್ದು, ಮರೆವು ಇಂಥ ನರಮಂಡಲದ ಲಕ್ಷಣಗಳೂ ಸೇರಿಕೊಳ್ಳುವುದುಂಟು. ರಕ್ತಪರೀಕ್ಷೆ, ಸ್ಕ್ಯಾನು ಎಲ್ಲ ಮಾಡಿಸಿ ‘ರಿಪೋರ್ಟ್ ನಾರ್ಮಲ್ ಇದೆ’ ಎಂದು ಕೇಳಿಸಿಕೊಂಡ ಮೇಲೂ ನೋವು ಹೋಗದವರು ಬಹಳ ಮಂದಿ. ಅವರು ಕನ್ನಡಕ ಬದಲಿಸುತ್ತಾರೆ, ಸೈನಸ್ಸಿಗೆ ಔಷಧಿ ತೆಗೆದುಕೊಳ್ಳುತ್ತಾರೆ, ಹಲ್ಲು ಕೀಳಿಸಿಕೊಳ್ಳುತ್ತಾರೆ, ದೃಷ್ಟಿ ತೆಗೆಸುತ್ತಾರೆ, ಹರಕೆ ಹೊರುತ್ತಾರೆ. ಕೊನೆಗೆ ಮನೆಯವರೇ ‘ಇದೆಲ್ಲ ಮನಸ್ಸಿನದು’ ಎನ್ನತೊಡಗುತ್ತಾರೆ. ರಿಪೋರ್ಟು ನಾರ್ಮಲ್ ಇರುವುದಕ್ಕೂ ಕಾಯಿಲೆ ಇಲ್ಲದಿರುವುದಕ್ಕೂ ಬಹಳ ಅಂತರವಿದೆ. ತಲೆನೋವಿನ ಹೆಚ್ಚಿನ ಕಾಯಿಲೆಗಳನ್ನು ಗುರುತಿಸುವುದು ರೋಗಿ ಹೇಳುವ ವಿವರದಿಂದಲೇ. ಆ ವಿವರವನ್ನು ಪೂರ್ತಿ ಕೇಳಿಸಿಕೊಂಡ ವೈದ್ಯರಿಗೆ ಮಾತ್ರ ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬುದು ತಿಳಿಯುತ್ತದೆ.

ವ್ಯಾಪ್ತಿ

ಕರ್ನಾಟಕದ ಮಟ್ಟಿಗೆ ಇದರ ಬಗ್ಗೆ ಒಳ್ಳೆಯ ಲೆಕ್ಕವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ವಿದೇಶಿ ತಜ್ಞರೊಡನೆ ಸೇರಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದೊಳಗಿನ 2,329 ಜನರನ್ನು ವಿಚಾರಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದಿನ ಒಂದು ವರ್ಷದಲ್ಲಿ ತಲೆನೋವು ಬಂದಿದ್ದವರು ಶೇ. 63.9. ಮೈಗ್ರೇನ್ ಇದ್ದವರು ಶೇ. 25.2, ಅಂದರೆ ನಾಲ್ವರಲ್ಲಿ ಒಬ್ಬರು. ಇದು ಜಗತ್ತಿನ ಸರಾಸರಿಗಿಂತ ಹೆಚ್ಚು. ತಿಂಗಳಿಗೆ 15 ದಿನವಾದರೂ ತಲೆ ನೋಯುವವರು ಶೇ. 3ರಷ್ಟಿದ್ದರು. ಕೇಳಲು ಸಣ್ಣ ಸಂಖ್ಯೆ ಎನಿಸಬಹುದು. ಆದರೆ ಸಾವಿರ ಜನರಿರುವ ಊರಿನಲ್ಲಿ ಮೂವತ್ತು ಮಂದಿ ತಿಂಗಳ ಅರ್ಧಭಾಗ ತಲೆ ಹಿಡಿದುಕೊಂಡೇ ಗದ್ದೆಗೆ, ಗಾರ್ಮೆಂಟ್ಸಿಗೆ, ಶಾಲೆಗೆ ಹೋಗುತ್ತಿದ್ದಾರೆ ಎಂದು ಇದರ ಅರ್ಥ.

ನೋವು ಎಲ್ಲಿಂದ ಬರುತ್ತದೆ

ಮೆದುಳಿನ ಅಂಗಾಂಶಕ್ಕೆ ನೋವಿನ ಅರಿವಿಲ್ಲ. ಎಚ್ಚರವಿರುವ ರೋಗಿಯ ಮೆದುಳಿನ ಮೇಲೆ ಶಸ್ತ್ರಚಿಕಿತ್ಸೆ ನಡೆಸಲು ಸಾಧ್ಯವಾಗುವುದು ಇದರಿಂದಲೇ. ಬ್ರಾನ್ಸನ್ ರೇ ಮತ್ತು ಹೆರಾಲ್ಡ್ ವುಲ್ಫ್ 1940ರಲ್ಲಿ ಅಂಥ ರೋಗಿಗಳನ್ನೇ ಕೇಳಿ, ತಲೆಯೊಳಗೆ ನೋವು ಹುಟ್ಟುವುದು ಮುಖ್ಯವಾಗಿ ಮೆದುಳಿನ ಹೊರಪೊರೆ ಮತ್ತು ದೊಡ್ಡ ರಕ್ತನಾಳಗಳಲ್ಲಿ ಎಂದು ತೋರಿಸಿದರು. ಇವುಗಳ ಸಂದೇಶವನ್ನು ಒಯ್ಯುವುದು ಬಹುಪಾಲು ಟ್ರೈಜೆಮಿನಲ್ ನರ. ಹಣೆ, ಕಣ್ಣು, ಕೆನ್ನೆ, ಹಲ್ಲುಗಳಿಂದ ಬರುವ ಸಂದೇಶವೂ ಅದೇ ನರದ್ದು, ಕುತ್ತಿಗೆಯ ಮೇಲ್ಭಾಗದ ನರಗಳೂ ಮೆದುಳಿನ ಬುಡದಲ್ಲಿ ಇದರೊಡನೆ ಕೂಡುತ್ತವೆ. ಹಾಗಾಗಿ ಮೈಗ್ರೇನ್ ಇರುವವರು ಹಲ್ಲುನೋವೆಂದು ದಂತವೈದ್ಯರ ಬಳಿಗೂ, ಕುತ್ತಿಗೆ ಹಿಡಿತವೆಂದು ಮೂಳೆ ವೈದ್ಯರ ಬಳಿಗೂ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ಎಲ್ಲಿ ನೋಯುತ್ತದೆ ಎಂಬುದೊಂದರಿಂದಲೇ ಕಾರಣ ಹೇಳಲು ಬರುವುದಿಲ್ಲ.

ವಿವರ ಕೇಳುವುದು

ಅಂತರರಾಷ್ಟ್ರೀಯ ತಲೆನೋವು ಸಂಘ 1988ರಲ್ಲಿ ಮೊದಲ ಬಾರಿಗೆ ತಲೆನೋವುಗಳನ್ನು ವರ್ಗೀಕರಿಸಿತು. ಈಗ ಬಳಕೆಯಲ್ಲಿರುವುದು 2018ರ ಮೂರನೆಯ ಆವೃತ್ತಿ. ಮೈಗ್ರೇನ್, ಒತ್ತಡದ ತಲೆನೋವು, ಕ್ಲಸ್ಟರ್ ತಲೆನೋವು ಮೊದಲಾದವು ತಾವೇ ಕಾಯಿಲೆಗಳು. ಗೆಡ್ಡೆ, ಸೋಂಕು, ರಕ್ತಸ್ರಾವ, ಪೆಟ್ಟು ಮುಂತಾದವುಗಳಿಂದ ಬರುವ ತಲೆನೋವು ಇನ್ನೊಂದು ಕಾಯಿಲೆಯ ಲಕ್ಷಣ. ಮೊದಲ ಗುಂಪಿಗೆ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಆ ವರ್ಗೀಕರಣದ ಪುಟಗಳಲ್ಲಿ ಇರುವುದು ರೋಗಿಯನ್ನು ಕೇಳಬೇಕಾದ ವಿವರಗಳೇ.

ನೋವು ಶುರುವಾದದ್ದು ಯಾವಾಗ, ಪೂರ್ತಿ ಏರಲು ಎಷ್ಟು ಹೊತ್ತು ಬೇಕಾಯಿತು, ಒಂದು ಸಲ ಬಂದರೆ ಎಷ್ಟು ಗಂಟೆ ಇರುತ್ತದೆ, ನಡುವೆ ತಲೆ ಪೂರ್ತಿ ಹಗುರಾಗುವ ದಿನಗಳುಂಟೆ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ‘ವಾರಕ್ಕೊಂದು ಸಲ ತಲೆನೋವು’ ಎನ್ನುವವರು ಎಷ್ಟೋ ಸಲ ಹೇಳುತ್ತಿರುವುದು ಮಲಗಿಸಿಬಿಡುವ ನೋವನ್ನು ಮಾತ್ರ. ಉಳಿದ ದಿನಗಳ ಸಣ್ಣ ನೋವು ಅವರಿಗೆ ಲೆಕ್ಕಕ್ಕೇ ಇರುವುದಿಲ್ಲ. ನೋವು ಬಂದಾಗ ರೋಗಿ ಏನು ಮಾಡುತ್ತಾರೆ ಎಂದೂ ಕೇಳಬೇಕು. ಬಾಗಿಲು ಹಾಕಿ, ದೀಪ ಆರಿಸಿ, ಒಗ್ಗರಣೆಯ ವಾಸನೆಗೂ ಹೊಟ್ಟೆ ತೊಳಸಿ, ಅಲುಗಾಡದೆ ಮಲಗುವವರಿಗೆ ಇರುವುದು ಹೆಚ್ಚಾಗಿ ಮೈಗ್ರೇನ್. ಕುಳಿತಲ್ಲಿ ಕೂರಲಾರದೆ ಅತ್ತಿತ್ತ ಓಡಾಡುತ್ತ, ಒಂದೇ ಕಣ್ಣು ಕೆಂಪಾಗಿ ನೀರು ಸುರಿಯುತ್ತ, 15 ನಿಮಿಷದಿಂದ 3 ಗಂಟೆಯವರೆಗೆ ಯಮಯಾತನೆಪಡುವವರದು ಕ್ಲಸ್ಟರ್ ತಲೆನೋವು. ಅದು ದಿನದ ಒಂದೇ ಹೊತ್ತಿಗೆ, ವರ್ಷದ ಒಂದೇ ಋತುವಿನಲ್ಲಿ ಬರುವುದುಂಟು. ಇದಕ್ಕೆ ಶುದ್ಧ ಆಮ್ಲಜನಕದ ಸಿಲಿಂಡರು ಕೆಲಸ ಮಾಡುತ್ತದೆ, ಮನೆಯಲ್ಲಿರುವ ನೋವಿನ ಮಾತ್ರೆ ಮಾಡುವುದಿಲ್ಲ. ತಿಂಗಳುಗಟ್ಟಲೆ ಬಿಡದೆ ಒಂದೇ ಬದಿಗೆ ನೋಯುವ ಹೆಮಿಕ್ರೇನಿಯಾ ಕಂಟಿನ್ಯೂವಾ ಎಂಬ ಅಪರೂಪದ ಬಗೆ ಇಂಡೊಮೆಥಾಸಿನ್ ಮಾತ್ರೆಗೆ ಪೂರ್ತಿ ಇಳಿದುಬಿಡುತ್ತದೆ. ಅಲ್ಲಿ ಔಷಧಿಯೇ ಪರೀಕ್ಷೆ.

ನಮ್ಮಲ್ಲಿ ಮೈಗ್ರೇನನ್ನು ಜನ ಅರೆತಲೆನೋವು ಎನ್ನುತ್ತಾರೆ, ಎರಡೂ ಬದಿಗೆ ನೋಯುವ ಮೈಗ್ರೇನೂ ಬೇಕಾದಷ್ಟಿದೆ. ವಾಂತಿಯಾದ ಮೇಲೆ ನೋವು ಇಳಿದರೆ ‘ಪಿತ್ತ ಕೆರಳಿತ್ತು’ ಎನ್ನುವುದು ರೂಢಿ. ಆ ಗಮನಿಕೆ ಸರಿಯಾದದ್ದೇ, ವಾಂತಿಯ ನಂತರ ತಗ್ಗುವುದು ಮೈಗ್ರೇನಿನ ಗುಣ. ಪಟ್ಟಣಗಳಲ್ಲಿ ಪಿತ್ತದ ಜಾಗವನ್ನು ಈಗ ಸೈನಸ್ ಹಿಡಿದಿದೆ. ಅಮೆರಿಕದಲ್ಲಿ ‘ಸೈನಸ್ ತಲೆನೋವು’ ಎಂದು ನಂಬಿದ್ದ 2,991 ಜನರನ್ನು ಪರೀಕ್ಷಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 88 ಮಂದಿಗೆ ಇದ್ದದ್ದು ಮೈಗ್ರೇನ್ ಬಗೆಯ ತಲೆನೋವು. ಮೈಗ್ರೇನಿನಲ್ಲೂ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರು ಬರುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಜೊತೆಯ ನರಲಕ್ಷಣಗಳಲ್ಲಿ ರೋಗಿಯನ್ನು ಹೆಚ್ಚು ಹೆದರಿಸುವುದು ಮೈಗ್ರೇನಿನ ಆರಾ. ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಯೊಂದು ಮೂಡಿ ನಿಧಾನವಾಗಿ ಅಗಲವಾಗುತ್ತದೆ, ಅದರ ಒಳಗಿನ ದೃಶ್ಯ ಮಾಯವಾಗುತ್ತದೆ. ಬೆರಳ ತುದಿಯಲ್ಲಿ ಹುಟ್ಟಿದ ಜೋಮು ಮೊಣಕೈ ದಾಟಿ ಬಾಯಿಯ ಅಂಚಿಗೆ ಬರುತ್ತದೆ, ಕೆಲವರಿಗೆ ಪದಗಳು ನೆನಪಿಗೆ ಬರುವುದಿಲ್ಲ. ಪಾರ್ಶ್ವವಾಯುವಿನಲ್ಲಿ ಇಂಥವು ಥಟ್ಟನೆ ಬರುತ್ತವೆ. ಆರಾದಲ್ಲಿ 5 ನಿಮಿಷಕ್ಕಿಂತ ಹೆಚ್ಚು ಹೊತ್ತು ಹರಡುತ್ತ ಹೋಗಿ ಒಂದು ಗಂಟೆಯೊಳಗೆ ಸರಿಯುತ್ತವೆ. ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನಗೆ ಕಂಡ ಗೆರೆಗಳ ಚಿತ್ರ ಬರೆದಿಟ್ಟುಕೊಂಡು, ಮೆದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ 3 ಮಿಲಿಮೀಟರ್ ವೇಗದಲ್ಲಿ ಚಲಿಸುತ್ತಿದೆ ಎಂದು 1941ರಲ್ಲಿ ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲಿನ ಅರಿಸ್ಟೈಡಿಸ್ ಲಿಯಾವೊ ಮೊಲದ ಮೆದುಳಿನಲ್ಲಿ ಅದೇ ನಿಧಾನಗತಿಯ ವಿದ್ಯುತ್ ಅಲೆಯನ್ನು ಕಂಡರು. ರೋಗಿಯೊಬ್ಬ ಕಂಡದ್ದನ್ನು ಶ್ರದ್ಧೆಯಿಂದ ಬರೆದಿಟ್ಟದ್ದು ವಿಜ್ಞಾನಕ್ಕೆ ಎಷ್ಟು ದೂರ ದಾರಿ ತೋರಿಸಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಸ್ನಾನದ ಮನೆಯ ಮೂರು ತೊಂದರೆಗಳು

‘ತಲೆಗೆ ನೀರು ಹಾಕಿಕೊಂಡ ದಿನ ನನಗೆ ಆಗುವುದಿಲ್ಲ’ ಎಂಬ ಮಾತು ಕರ್ನಾಟಕದ ಚಿಕಿತ್ಸಾಲಯಗಳಲ್ಲಿ ಹೊಸದಲ್ಲ. ಆ ಒಂದು ಮಾತಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿರಬಹುದು. ಮುಂಬಯಿಯ ತಲೆನೋವು ತಜ್ಞ ಕೆ. ರವಿಶಂಕರ್ ತಲೆಸ್ನಾನದಿಂದ ಮೈಗ್ರೇನ್ ಕೆರಳುವ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಪಾಶ್ಚಾತ್ಯ ಪಠ್ಯಗಳ ಪ್ರಚೋದಕಗಳ ಪಟ್ಟಿಯಲ್ಲಿ ಚಾಕೊಲೇಟು, ವೈನು ಇದ್ದವು. ಉದ್ದ ಕೂದಲು ತೊಳೆದು ಒದ್ದೆ ಜಡೆಯಲ್ಲೇ ಇರುವ ಹೆಂಗಸರ ಅನುಭವಕ್ಕೆ ಅಲ್ಲಿ ಜಾಗವಿರಲಿಲ್ಲ.

ಎರಡನೆಯದು ಬಿಸಿನೀರಿನ ಅಪಸ್ಮಾರ. ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ಒಂದೇ ಸಮನೆ ನೆತ್ತಿಗೆ ಸುರಿದುಕೊಳ್ಳುವಾಗ ಕೆಲವರು ಮಂಕಾಗುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ, ಇನ್ನೂ ಇನ್ನೂ ನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಕೆಲವರಿಗೆ ಪೂರ್ತಿ ಫಿಟ್ಸ್ ಬರುತ್ತದೆ. ಇದು ಜಗತ್ತಿನಲ್ಲಿ ಬೇರೆ ಕಡೆ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಮಾತ್ರ ಸಾಕಷ್ಟು ಕಾಣುತ್ತದೆ. ಬೆಂಗಳೂರಿನ ಕೆ. ಎಸ್. ಮಣಿ ಇದನ್ನು ಮೊದಲು ವಿವರವಾಗಿ ವರದಿ ಮಾಡಿದರು, ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ನೂರಾರು ರೋಗಿಗಳ ವಿವರ ಪ್ರಕಟಿಸಿದರು. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇ.ಇ.ಜಿ. ಬಹುತೇಕ ಸರಿಯಾಗಿಯೇ ಇರುತ್ತದೆ, ಎಂ.ಆರ್.ಐ. ಕೂಡ. ಸ್ನಾನದ ಮನೆಯಲ್ಲಿ ಏನಾಯಿತು ಎಂದು ಕೇಳದಿದ್ದರೆ ಕಾಯಿಲೆ ಸಿಗುವುದೇ ಇಲ್ಲ. ನೀರಿನ ಬಿಸಿ ತಗ್ಗಿಸುವುದು, ಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವುದು ಎಷ್ಟೋ ಜನರಿಗೆ ಸಾಕಾಗುತ್ತದೆ.

ಮೂರನೆಯದು ಜೀವಕ್ಕೇ ಕುತ್ತು. ಕಿಟಕಿಯಿಲ್ಲದ ಸಣ್ಣ ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಉರಿದಾಗ ಬಣ್ಣ, ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಕುಸಿದುಬೀಳುವುದು ಅದರ ಲಕ್ಷಣಗಳು. ಬಾಗಿಲು ಮುರಿದು ಹೊರತಂದವರನ್ನು ಫಿಟ್ಸ್ ರೋಗಿಯೆಂದು ವರ್ಷಗಟ್ಟಲೆ ಮಾತ್ರೆಗೆ ಹಾಕಿದ ಉದಾಹರಣೆಗಳಿವೆ. ಒಂದೇ ಮನೆಯ ಇಬ್ಬರು ಮೂವರಿಗೆ ತಲೆ ನೋಯುತ್ತಿದ್ದು ಊರಿಗೆ ಹೋದಾಗ ಸರಿಹೋಗುತ್ತಿದ್ದರೆ ಗೀಸರ್ ಎಲ್ಲಿದೆ ಎಂದು ಕೇಳಲೇಬೇಕು.

ಮಾತ್ರೆಯೇ ಕಾರಣವಾದಾಗ

ನೋವು ನಿವಾರಕ ಮಾತ್ರೆಯನ್ನು ತಿಂಗಳಿಗೆ 15 ದಿನವೋ ಅದಕ್ಕೂ ಹೆಚ್ಚೋ, ಹಲವು ಔಷಧಿ ಬೆರೆತ ಮಾತ್ರೆಯನ್ನೋ ಟ್ರಿಪ್ಟಾನ್, ಅರ್ಗಟ್ ಬಗೆಯದನ್ನೋ 10 ದಿನವೋ ಅದಕ್ಕೂ ಹೆಚ್ಚೋ, 3 ತಿಂಗಳು ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಉಳಿಸಿಕೊಳ್ಳತೊಡಗುತ್ತದೆ. ಬೆಳಗ್ಗೆ ಏಳುವಾಗಲೇ ನೋವು, ಮಾತ್ರೆ ನುಂಗಿದರೆ ನಾಲ್ಕು ಗಂಟೆ ಸಮಾಧಾನ, ಮತ್ತೆ ನೋವು. ಮೇಲೆ ಹೇಳಿದ ಕರ್ನಾಟಕದ ಅಧ್ಯಯನದಲ್ಲಿ ಶೇ. 1.2 ಮಂದಿಯಲ್ಲಿ ಇದು ಕಂಡುಬಂತು. ರೋಗಿ ಇದನ್ನು ತಾನಾಗಿ ಹೇಳುವುದು ಕಡಿಮೆ, ಏಕೆಂದರೆ ಅಂಗಡಿಯಿಂದ ಒಂದೊಂದೇ ಬಿಡಿಯಾಗಿ ತಂದ ಮಾತ್ರೆ ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಬಿಡಿಸುವಾಗ ಮೊದಲ ಕೆಲವು ದಿನ ನೋವು ಹೆಚ್ಚುತ್ತದೆ ಎಂದು ಮುಂಚೆಯೇ ಹೇಳಿ, ತಡೆಗಟ್ಟುವ ಔಷಧಿಯನ್ನೂ ಶುರುಮಾಡಬೇಕು.

ತಡಮಾಡಬಾರದ ಸೂಚನೆಗಳು

ಒಂದು ನಿಮಿಷದೊಳಗೆ ಸಿಡಿಲಿನಂತೆ ತುತ್ತತುದಿಗೇರುವ ತಲೆನೋವು ಮೆದುಳಿನ ಪೊರೆಗಳ ನಡುವಿನ ರಕ್ತಸ್ರಾವವಿರಬಹುದು. ಆರು ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಆದರೆ ಅದು ಬಹುತೇಕ ತಪ್ಪದೆ ಕಾಣುತ್ತದೆ. ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಬಂದ ತಲೆನೋವು, ಅದರಲ್ಲೂ ಅಗಿಯುವಾಗ ದವಡೆ ನೋಯುತ್ತ ಕಣತಲೆ ಮುಟ್ಟಿದರೆ ನೋವಾಗುತ್ತಿದ್ದರೆ, ರಕ್ತನಾಳದ ಉರಿಯೂತವಿರಬಹುದು. ಸ್ಟೀರಾಯ್ಡ್ ತಡವಾದರೆ ಕಣ್ಣೇ ಹೋಗುತ್ತದೆ. ಜ್ವರ, ತೂಕ ಇಳಿಯುವುದು, ಎಚ್.ಐ.ವಿ., ಹಿಂದೆ ಬಂದಿದ್ದ ಕ್ಯಾನ್ಸರ್, ಹೊಸದಾಗಿ ಬಂದ ಫಿಟ್ಸ್, ಒಂದು ಬದಿಯ ಬಲಹೀನತೆ, ಕೆಮ್ಮಿದಾಗ ಮಾತ್ರ ಬರುವ ನೋವು, ಇವುಗಳಲ್ಲಿ ಯಾವುದಿದ್ದರೂ ಕಾಯುವಂತಿಲ್ಲ.

ಭಾರತದಲ್ಲಿ ಈ ಪಟ್ಟಿಗೆ ಮೂರು ಕಾಯಿಲೆಗಳನ್ನು ವಿಶೇಷವಾಗಿ ಸೇರಿಸಬೇಕು. ಕ್ಷಯದ ಮೆನಿಂಜೈಟಿಸ್ ವಾರಗಟ್ಟಲೆ ತಲೆನೋವು, ಸಣ್ಣ ಜ್ವರ, ಊಟ ಸೇರದಿರುವುದು ಇಷ್ಟರಲ್ಲೇ ಅಡಗಿರುತ್ತದೆ. ಮಂಪರು ಬರುವ ಮೊದಲೇ ಚಿಕಿತ್ಸೆ ಶುರುವಾದವರು ಚೆನ್ನಾಗಿ ಗುಣವಾಗುತ್ತಾರೆ. ಹಂದಿ ಲಾಡಿಹುಳುವಿನ ಮೊಟ್ಟೆಯಿಂದ ಬರುವ ನ್ಯೂರೋಸಿಸ್ಟಿಸರ್ಕೋಸಿಸ್ ಮಾಂಸ ಮುಟ್ಟದವರಿಗೂ ಬರುತ್ತದೆ, ಏಕೆಂದರೆ ಮೊಟ್ಟೆ ಹೊಟ್ಟೆ ಸೇರುವುದು ಕೊಳಕು ನೀರು ಮತ್ತು ಹಸಿ ತರಕಾರಿಯಿಂದ. ಸ್ಕ್ಯಾನಿನಲ್ಲಿ ಕಾಣುವ ಒಂಟಿ ಸಣ್ಣ ಗಂಟನ್ನು ಒಂದು ಕಾಲದಲ್ಲಿ ಇಲ್ಲಿ ಕ್ಷಯವೆಂದೇ ತಿಳಿದು ತಿಂಗಳುಗಟ್ಟಲೆ ಔಷಧಿ ಕೊಡುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಈ ಹುಳುವಿನ ಗಂಟುಗಳೆಂದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೇದಾಂತಂ ರಾಜಶೇಖರ್ ಮತ್ತು ಸಹೋದ್ಯೋಗಿಗಳು ತೋರಿಸಿಕೊಟ್ಟರು.

ಮೂರನೆಯದು ಬಾಣಂತಿಯ ತಲೆನೋವು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮೆದುಳಿನಿಂದ ರಕ್ತ ಹೊರಗೊಯ್ಯುವ ಸಿರೆಗಳಲ್ಲಿ ಹೆಪ್ಪು ಕಟ್ಟಿದರೆ ತಲೆನೋವು, ವಾಂತಿ, ಫಿಟ್ಸ್ ಬರುತ್ತವೆ. ಬಾಣಂತಿಗೆ ನೀರು ಕಡಿಮೆ ಕೊಡುವ ಹಳೆಯ ಪದ್ಧತಿ ಈ ಅಪಾಯವನ್ನು ಹೆಚ್ಚಿಸುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಆದವರಲ್ಲಿ ಕುಳಿತರೆ ನೋವು, ಮಲಗಿದರೆ ಆರಾಮ ಎನ್ನುವುದಾದರೆ ಅದು ಸೂಜಿಯ ರಂಧ್ರದಿಂದ ದ್ರವ ಸೋರಿದ ಪರಿಣಾಮ. ಮಲಗಿದರೂ ಬಿಡದೆ ದಿನದಿನಕ್ಕೆ ಏರುತ್ತಿದ್ದರೆ ಸಿರೆಗಳನ್ನು ತೋರಿಸುವ ಎಂ.ಆರ್. ವೀನೋಗ್ರಾಂ ಮಾಡಿಸಬೇಕು. ‘ಬಾಣಂತಿ ಸನ್ನಿ’ ಎಂದು ಬೆಚ್ಚಗಿನ ಕೋಣೆಯಲ್ಲಿ ಮಲಗಿಸಿಟ್ಟು ತಡಮಾಡಿದ್ದರಿಂದ ಎಳೆಯ ತಾಯಂದಿರ ಜೀವ ಹೋಗಿದೆ. ಬೇಗ ಬಂದವರಲ್ಲಿ ಹೆಚ್ಚಿನವರು ಬದುಕಿ ಚೆನ್ನಾಗಿದ್ದಾರೆ.

ತಲೆಯೊಳಗಿನ ಒತ್ತಡ

ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದ ಒತ್ತಡ ಏರಿದರೂ ತಲೆ ನೋಯುತ್ತದೆ, ಇಳಿದರೂ ನೋಯುತ್ತದೆ. ಗೆಡ್ಡೆಯಾಗಲಿ ಹೆಪ್ಪಾಗಲಿ ಇಲ್ಲದೆ ಒತ್ತಡ ಏರುವ ಕಾಯಿಲೆ ಹೆಚ್ಚಾಗಿ ತೂಕ ಹೆಚ್ಚಿರುವ ಎಳೆವಯಸ್ಸಿನ ಹೆಂಗಸರಲ್ಲಿ ಕಾಣುತ್ತದೆ. ಬಗ್ಗಿ ಎದ್ದಾಗ ಕ್ಷಣಹೊತ್ತು ಕಣ್ಣು ಕತ್ತಲೆಗಟ್ಟುವುದು, ಒಂದು ವಸ್ತು ಎರಡಾಗಿ ಕಾಣುವುದು, ನಾಡಿಯ ಲಯಕ್ಕೆ ಕಿವಿಯಲ್ಲಿ ಸುಯ್ಯೆನ್ನುವುದು ಇದರ ಲಕ್ಷಣಗಳು. ಇದನ್ನು ಹಿಡಿಯಲು ಬೇಕಾದದ್ದು ಕತ್ತಲು ಕೋಣೆ ಮತ್ತು ಅಂಗೈಯಲ್ಲಿ ಹಿಡಿಯುವ ಆಫ್ತಾಲ್ಮೋಸ್ಕೋಪು. ಕಣ್ಣಿನ ಹಿಂಭಾಗದಲ್ಲಿ ನರ ಒಳಬರುವ ದುಂಡು ಜಾಗ ಊದಿ ಅಂಚು ಮಸುಕಾಗಿರುವುದು ಎರಡು ನಿಮಿಷದಲ್ಲಿ ಕಾಣುತ್ತದೆ. ಆ ಎರಡು ನಿಮಿಷ ಉಳಿಸಿದ್ದಕ್ಕೆ ದೃಷ್ಟಿ ಕಳೆದುಕೊಂಡವರಿದ್ದಾರೆ. ನಂತರ ಎಂ.ಆರ್.ಐ. ಮಾಡಿ, ಬೆನ್ನಿನಿಂದ ಸೂಜಿ ಹಾಕಿ ಒತ್ತಡ ಅಳೆಯುತ್ತಾರೆ. ವಯಸ್ಕರಲ್ಲಿ 25 ಸೆಂಟಿಮೀಟರ್ ನೀರಿನ ಮಟ್ಟಕ್ಕಿಂತ ಹೆಚ್ಚಿದ್ದರೆ ನಿರ್ಣಯ ಗಟ್ಟಿ. ತೂಕ ಇಳಿಸುವುದು, ಅಸೆಟಜೋಲಮೈಡ್ ಮಾತ್ರೆ ಇದರ ಚಿಕಿತ್ಸೆ.

ಒತ್ತಡ ಇಳಿಯುವ ಕಾಯಿಲೆಯನ್ನು ಜರ್ಮನಿಯ ಗೆಯೋರ್ಗ್ ಶಾಲ್ಟೆನ್‌ಬ್ರಾಂಡ್ 1938ರಲ್ಲಿ ವರ್ಣಿಸಿದರು. ಬೆನ್ನುಹುರಿಯ ಪೊರೆ ತಾನಾಗಿ ಹರಿದು ದ್ರವ ಸೋರುತ್ತದೆ. ಬೆಳಗ್ಗೆ ಏಳುವಾಗ ತಲೆ ಚೆನ್ನಾಗಿದ್ದು, ಎದ್ದು ಓಡಾಡಿದಂತೆ ನೋವು ಏರಿ, ಮಲಗಿದರೆ ಇಳಿಯುವುದು ಇದರ ಗುರುತು. ಕಿವಿ ಗುಂಯ್ಗುಡುವುದು, ಮಂಕುತನ, ಕುತ್ತಿಗೆ ಹಿಡಿತವೂ ಬರಬಹುದು. ತಿಂಗಳುಗಳು ಕಳೆದಂತೆ ಮಲಗಿದರೆ ಇಳಿಯುವ ಗುಣ ಮಾಸಿಹೋಗುತ್ತದೆ, ಅದಕ್ಕೇ ‘ಈಗ ಹೇಗಿದೆ’ ಎನ್ನುವುದರ ಜೊತೆಗೆ ‘ಮೊದಲ ವಾರ ಹೇಗಿತ್ತು’ ಎಂದೂ ಕೇಳಬೇಕು. ಅಳೆದ ಒತ್ತಡ ಎಷ್ಟೋ ರೋಗಿಗಳಲ್ಲಿ ಸರಿಯಾಗಿಯೇ ಇರುತ್ತದೆ. ಸೋರಿದ ದ್ರವ ನೇರವಾಗಿ ಸಿರೆಯೊಳಗೆ ಸೇರುವ ಬಗೆ ಗೊತ್ತಾದದ್ದೇ 2014ರಲ್ಲಿ. ಅದಕ್ಕೆ ಮುಂಚೆ ಬಂದು ‘ಏನೂ ಕಾಣಲಿಲ್ಲ’ ಎಂದು ಕೇಳಿಸಿಕೊಂಡು ಹೋದವರ ನೋವು ನಿಜವಾದದ್ದೇ ಆಗಿತ್ತು, ಅದನ್ನು ನೋಡುವ ವಿಧಾನ ಇನ್ನೂ ಬಂದಿರಲಿಲ್ಲ ಅಷ್ಟೆ. ರೋಗಿಯದೇ ರಕ್ತವನ್ನು ಬೆನ್ನಿನ ಪೊರೆಯ ಹೊರಗೆ ತುಂಬಿ ರಂಧ್ರ ಮುಚ್ಚುವುದು ಮುಖ್ಯ ಚಿಕಿತ್ಸೆ.

ಸ್ಕ್ಯಾನು ಹೇಳುವುದು, ಹೇಳದಿರುವುದು

ಆರೋಗ್ಯವಂತರ ಸ್ಕ್ಯಾನಿನಲ್ಲೂ ಏನಾದರೊಂದು ಕಾಣುತ್ತದೆ. ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮಿನಲ್ಲಿ 2,000 ಸಾಮಾನ್ಯ ಜನರ ಎಂ.ಆರ್.ಐ. ತೆಗೆದಾಗ ಶೇ. 7.2 ಮಂದಿಯಲ್ಲಿ ಗೊತ್ತಾಗದಂತೆ ಆಗಿಹೋದ ಸಣ್ಣ ಪಾರ್ಶ್ವವಾಯುವಿನ ಗುರುತು, ಶೇ. 1.8 ಮಂದಿಯಲ್ಲಿ ರಕ್ತನಾಳದ ಉಬ್ಬು, ಶೇ. 1.6 ಮಂದಿಯಲ್ಲಿ ಅಪಾಯವಿಲ್ಲದ ಗೆಡ್ಡೆ ಸಿಕ್ಕವು ಎಂದು 2007ರಲ್ಲಿ ಪ್ರಕಟವಾಯಿತು. ಮೈಗ್ರೇನ್ ಇರುವವರಲ್ಲಿ ಬಿಳಿ ಚುಕ್ಕೆಗಳು ಸಾಮಾನ್ಯ. ಅವನ್ನು ಕಂಡು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಹೆದರಿಸುವುದೂ ನಡೆದಿದೆ. ಚಿಕ್ಕಮೆದುಳಿನ ತುದಿ ಕೆಳಗಿಳಿದಿರುವ ಕಿಯಾರಿ ದೋಷವೂ ಹಾಗೆಯೇ. ಕೆಮ್ಮಿದಾಗ, ಮುಕ್ಕರಿದಾಗ ಹಿಂದಲೆ ಸಿಡಿಯುವವರಲ್ಲಿ ಅದು ಕಾರಣವಾಗಬಹುದು; ಬೇರೆ ಬಗೆಯ ನೋವಿಗೆ ಅದರ ಮೇಲೆ ತಪ್ಪು ಹೊರಿಸಿ ಶಸ್ತ್ರಚಿಕಿತ್ಸೆ ಮಾಡಿದರೆ ನೋವು ಅಲ್ಲೇ ಉಳಿಯುತ್ತದೆ.

ಇದಕ್ಕೆ ವಿರುದ್ಧವಾದದ್ದೂ ಉಂಟು. ಅಮೆರಿಕದ ಪತ್ರಕರ್ತೆ ಸುಸಾನಾ ಕಹಲಾನ್ 2009ರಲ್ಲಿ ಜೋಮು, ಭ್ರಮೆ, ಫಿಟ್ಸ್‌ಗಳಿಂದ ಆಸ್ಪತ್ರೆ ಸೇರಿದಾಗ ಸ್ಕ್ಯಾನುಗಳೆಲ್ಲ ಸರಿಯಾಗಿದ್ದವು. ವೈದ್ಯ ಸುಹೇಲ್ ನಜ್ಜಾರ್ ಗಡಿಯಾರದ ಚಿತ್ರ ಬರೆಯಲು ಹೇಳಿದರು. ಆಕೆ ಎಲ್ಲ ಅಂಕಿಗಳನ್ನೂ ವೃತ್ತದ ಬಲಭಾಗದಲ್ಲೇ ತುಂಬಿದರು. ಅಲ್ಲಿಂದ ಮೆದುಳಿನ ಬಲಭಾಗದ ಉರಿಯೂತದ ಸುಳಿವು ಸಿಕ್ಕಿ, ಎರಡು ವರ್ಷ ಮುಂಚೆ, 2007ರಲ್ಲಿ, ಜೋಸೆಪ್ ಡಾಲ್ಮೌ ಗುರುತಿಸಿದ್ದ ಪ್ರತಿಕಾಯದ ಪರೀಕ್ಷೆಯಿಂದ ಕಾಯಿಲೆ ಗೊತ್ತಾಯಿತು. ಆಕೆ ಗುಣವಾದರು.

ರಕ್ತಪರೀಕ್ಷೆಗಳಲ್ಲಿ ಬಿ12 ಜೀವಸತ್ವವನ್ನು ನಮ್ಮಲ್ಲಿ ಮರೆಯಬಾರದು. ಸಸ್ಯಾಹಾರಿಗಳಲ್ಲಿ ಇದರ ಕೊರತೆ ಹೆಚ್ಚು. ಪಾದಗಳ ಜೋಮು, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ಮರೆವು ಇದರಿಂದ ಬರುತ್ತವೆ. ಇಂಜೆಕ್ಷನ್ ತಡವಾದರೆ ನರದ ಹಾನಿ ಪೂರ್ತಿ ಸರಿಹೋಗದು. ಗೊರಕೆ ಹೊಡೆಯುವವರ ಬೆಳಗಿನ ತಲೆನೋವಿಗೆ ನಿದ್ರೆಯಲ್ಲಿ ಉಸಿರು ನಿಲ್ಲುವುದು ಕಾರಣವಿರಬಹುದು.

ಕ್ರಿಯಾತ್ಮಕ ನರತೊಂದರೆ

ನರ, ಸ್ನಾಯುಗಳ ರಚನೆ ಕೆಡದೆಯೇ ಮೆದುಳು ಅವನ್ನು ನಡೆಸುವ ಕ್ರಮ ಕೆಟ್ಟಾಗ ಕೈಕಾಲು ಬಲಹೀನವಾಗುತ್ತದೆ, ನಡುಕ ಬರುತ್ತದೆ, ಫಿಟ್ಸ್‌ನಂಥ ಸೆಳೆತ ಬರುತ್ತದೆ. ದೀರ್ಘ ತಲೆನೋವಿನೊಡನೆ ಇದು ಆಗಾಗ ಇರುತ್ತದೆ. ಹಿಂದೆ ಇದನ್ನು ಹಿಸ್ಟೀರಿಯಾ ಎನ್ನುತ್ತಿದ್ದರು, ಬೇರೆಲ್ಲ ಪರೀಕ್ಷೆ ಮುಗಿದ ಮೇಲೆ ಉಳಿದದ್ದಕ್ಕೆ ಈ ಹೆಸರು ಹಚ್ಚುತ್ತಿದ್ದರು. ಈಗ ಹಾಗಲ್ಲ, ಇದಕ್ಕೆ ತನ್ನದೇ ಗುರುತುಗಳಿವೆ. ಚಾರ್ಲ್ಸ್ ಹೂವರ್ 1908ರಲ್ಲಿ ವಿವರಿಸಿದ ಪರೀಕ್ಷೆಯನ್ನೇ ನೋಡಬಹುದು. ಮಲಗಿದ ರೋಗಿಯ ಬಲಹೀನ ಕಾಲಿನ ಹಿಮ್ಮಡಿಯ ಕೆಳಗೆ ವೈದ್ಯರು ಅಂಗೈ ಇಟ್ಟು ‘ಕೆಳಗೆ ಒತ್ತಿ’ ಎನ್ನುತ್ತಾರೆ, ಒತ್ತಲಾಗುವುದಿಲ್ಲ. ‘ಈಗ ಆ ಕಾಲು ಬಿಡಿ, ಇನ್ನೊಂದು ಕಾಲನ್ನು ಮೇಲೆತ್ತಿ’ ಎಂದು ಅದನ್ನು ತಡೆಹಿಡಿದಾಗ, ಬಲಹೀನ ಕಾಲಿನ ಹಿಮ್ಮಡಿ ತಾನಾಗಿ ಅಂಗೈಯನ್ನು ಬಲವಾಗಿ ಒತ್ತುತ್ತದೆ. ನರದ ದಾರಿ ಸರಿಯಿದೆ, ಗಮನವಿಟ್ಟು ಮಾಡಲು ಹೋದಾಗ ಕೈಕೊಡುತ್ತಿದೆ. ಇದನ್ನು ರೋಗಿಗೇ ತೋರಿಸಿ ವಿವರಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ, ಅದಕ್ಕಾಗಿಯೇ ತರಬೇತಾದ ಫಿಸಿಯೋಥೆರಪಿ ಮುಂದಿನದು. ರೋಗಿ ನಟಿಸುತ್ತಿದ್ದಾರೆ ಎಂಬುದು ತಪ್ಪು, ಅಷ್ಟೇ ಅಲ್ಲ, ಅದು ಅನ್ಯಾಯ. ಇದನ್ನು ಸರಿಯಾಗಿ ಗುರುತಿಸಿದರೆ ನಂತರ ಬೇರೆ ಕಾಯಿಲೆ ಹೊರಬೀಳುವುದು ಅಪರೂಪ: 1970ರ ನಂತರದ ಅಧ್ಯಯನಗಳಲ್ಲಿ ತಪ್ಪು ನಿರ್ಣಯ ಸುಮಾರು ಶೇ. 4 ಎಂದು 2005ರ ಸಮೀಕ್ಷೆ ಕಂಡುಕೊಂಡಿತು.

ಹೆಸರು ಸಿಗುವವರೆಗೆ

ಕೆಲವರಿಗೆ ಮೊದಲ ಭೇಟಿಯಲ್ಲೇ ಕಾರಣ ತಿಳಿಯುತ್ತದೆ, ಕೆಲವರಿಗೆ ವರ್ಷಗಳು ಬೇಕು. ಆ ನಡುವೆ ನೋವಿಗೆ ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಅಮಿಟ್ರಿಪ್ಟಿಲೀನ್, ಪ್ರೊಪ್ರನೊಲಾಲ್, ಟೋಪಿರಮೇಟ್ ಇಂಥ ತಡೆಗಟ್ಟುವ ಔಷಧಿಗಳಲ್ಲಿ ಯಾವುದಾದರೂ ಒಗ್ಗಿತೇ ಎಂದು ತಿಳಿಯಲು ಎಂಟು ವಾರವಾದರೂ ಬೇಕು. ಹತ್ತು ದಿನಕ್ಕೇ ಬಿಟ್ಟು ವೈದ್ಯರನ್ನು ಬದಲಿಸಿದರೆ ಲೆಕ್ಕ ಮತ್ತೆ ಮೊದಲಿಗೆ ಬರುತ್ತದೆ. ಶಾಲೆಯ ನೋಟ್‌ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆದಿಟ್ಟರೆ ಸಾಕು: ನೋವು ಇತ್ತೇ, ಎಷ್ಟು ಹೊತ್ತು, ಯಾವ ಮಾತ್ರೆ, ಮುಟ್ಟಿನ ದಿನವೇ, ನಿದ್ರೆ ಹೇಗಿತ್ತು. ಸೆಳೆತವೋ ವಿಚಿತ್ರ ನಡವಳಿಕೆಯೋ ಬಂದಾಗ ಮನೆಯವರು ಫೋನಿನಲ್ಲಿ ತೆಗೆದ ವಿಡಿಯೊ ಎಷ್ಟೋ ಪರೀಕ್ಷೆಗಳಿಗಿಂತ ಹೆಚ್ಚು ಹೇಳುತ್ತದೆ. ಹಳೆಯ ಸ್ಕ್ಯಾನಿನ ರಿಪೋರ್ಟಿನ ಜೊತೆ ಸಿ.ಡಿ.ಯನ್ನೂ ಇಟ್ಟುಕೊಂಡಿರಬೇಕು, ಏಕೆಂದರೆ ಹೊಸ ಪ್ರಶ್ನೆಯೊಂದಿಗೆ ಮತ್ತೆ ನೋಡಿದಾಗ ಅದೇ ಚಿತ್ರದಲ್ಲಿ ಮೊದಲು ಕಾಣದ್ದು ಕಾಣುವುದುಂಟು.

ನರರೋಗ ತಜ್ಞರು ಬಹುಪಾಲು ದೊಡ್ಡ ಊರುಗಳಲ್ಲೇ ಇದ್ದಾರೆ. ಬೀದರಿನಿಂದಲೂ ಚಾಮರಾಜನಗರದಿಂದಲೂ ಜನ ರಾತ್ರಿ ಬಸ್ಸು ಹಿಡಿದು ಬೆಳಗಿನ ಜಾವ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಮುಂದೆ ಸರದಿ ನಿಲ್ಲುತ್ತಾರೆ. ಈ ಹೊರೆ ತಗ್ಗಿಸಲು ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಆರಂಭಿಸಿತು. ತಲೆನೋವು, ಅಪಸ್ಮಾರ, ಪಾರ್ಶ್ವವಾಯು, ಮರೆಗುಳಿತನ ಈ ನಾಲ್ಕನ್ನು ಗುರುತಿಸಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಚಿಕಿತ್ಸಾಲಯ, ಅಲ್ಲಿ ಬಗೆಹರಿಯದವರನ್ನು ಮಾತ್ರ ಮೇಲಿನ ಆಸ್ಪತ್ರೆಗೆ ಕಳಿಸುವುದು ಇದರ ಕ್ರಮ.